ಹಸು ಡಾಕ್ಟರ ಗಾಡಿಗೆ ಇಪ್ಪತ್ತೊಂದು ದಿನ

“ಟ್ಯೂನಿಂಗ್ ಮಾಡ್ಸನಾ, ಬ್ಯಾಡ್ವಾ? ನೀನು ಏನಂತೀಯೋ ಅದೇ ಕಣಣ್ಣ. ಮಾಡ್ಸು ಅಂದ್ರೆ ಮಾಡ್ಸ್ತೀನಿ, ಬ್ಯಾಡ ಅಂದ್ರೆ ಬುಟ್ಬುಡ್ತೀನಿ.”

ಸೋಮನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ಇರುವ ನನ್ನ ಬೈಕ್ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಹಸು ಡಾಕ್ಟರ್ ಹೀಗೆ ಕೇಳಿದಾಗ ನನ್ನ ಕೈಯಲ್ಲಿ ಅವನ ಗಾಡಿಯದೇ ಪ್ಲಗ್ ಇತ್ತು. ಹಾಕಿ ಹದಿನೈದು ದಿನವೂ ಆಗಿರಲಿಲ್ಲ, ಅದರ ಮೂತಿ ಸೌದೆ ಒಲೆಯ ಹಿಂದಿನ ಗೋಡೆಯಂತೆ ಕಪ್ಪಾಗಿತ್ತು. ನಾನು ಪ್ಲಗ್ ಒರೆಸುತ್ತಾ ನಿಂತೆ.

ಹಸು ಡಾಕ್ಟರ್ ಅಂದರೆ ದೊಡ್ಡ ಆಸ್ಪತ್ರೆಯ ಡಾಕ್ಟರಲ್ಲ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಲು ತರಬೇತಿ ಪಡೆದವನು. ಊರವರು “ಡಾಕ್ಟ್ರೇ” ಅನ್ನುತ್ತಾರೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವನಾದ್ದರಿಂದ ನಾನು “ಲೇ” ಅನ್ನುತ್ತೇನೆ. ಅವನು ಡಿಗ್ರಿ ಓದಿದವನು, ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಗಾಡಿ ವಿಷಯದಲ್ಲಿ ನನ್ನ ಮಾತನ್ನು ಅವನು ಮೀರುವುದಿಲ್ಲ. ಅದು ನನಗೆ ಹೆಮ್ಮೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಅವತ್ತು ಮಾತ್ರ ಆ ನಂಬಿಕೆ ಭಾರ ಅನ್ನಿಸಿತು.

ಎರಡು ದಿನದ ಹಿಂದೆ ಮಳವಳ್ಳಿ ಆಚೆಯ ಹಳ್ಳಿಯೊಂದರಿಂದ ಒಬ್ಬ ಅಜ್ಜಿ ಬೆಳಗ್ಗೆಯೇ ಅವನಿಗೆ ಫೋನು ಮಾಡಿದ್ದಳು. ಅವಳಿಗಿರುವುದು ಒಂದೇ ಹಸು. ಹಿಂದಿನ ಸಂಜೆಯಿಂದ ಬೆದೆಗೆ ಬಂದು ಕೂಗುತ್ತಿತ್ತು. ಇವನು ವೀರ್ಯದ ಕಡ್ಡಿಗಳನ್ನು ತಂಪಾಗಿಡುವ ದ್ರವ ಸಾರಜನಕದ ಕ್ಯಾನನ್ನು ಸೀಟಿನ ಹಿಂದೆ ಕಟ್ಟಿಕೊಂಡು ತಕ್ಷಣ ಹೊರಟ. ದಾರಿಯಲ್ಲಿ ಗಾಡಿ ಎರಡು ಸಲ ನಿಂತಿತು. ಮೂರನೇ ಸಲ ನಿಂತದ್ದು ಏಳಲೇ ಇಲ್ಲ. ಒಂದಷ್ಟು ದೂರ ತಳ್ಳಿ, ಆಮೇಲೆ ಗಾಡಿಯನ್ನು ಯಾರದೋ ತೋಟದ ಮನೆಯಲ್ಲಿ ಬಿಟ್ಟು, ಕಬ್ಬಿನ ಟ್ರ್ಯಾಕ್ಟರ್ ಹತ್ತಿ, ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಹಸು ಕೂಗು ನಿಲ್ಲಿಸಿ ತಣ್ಣಗೆ ಮೇಯುತ್ತಿತ್ತು.

“ಈಗ ಆಕಿದ್ರೆ ನಿನ್ ದುಡ್ಡು ದಂಡ ಕಣಜ್ಜಿ,” ಎಂದು ಹೇಳಿ ಏನೂ ಮುಟ್ಟದೆ ವಾಪಸು ಬಂದಿದ್ದ. ಇನ್ನು ಆ ಹಸು ಬೆದೆಗೆ ಬರುವುದು ಇಪ್ಪತ್ತೊಂದು ದಿನಕ್ಕೆ.

“ಬೈದ್ಲಾ?” ಎಂದು ಕೇಳಿದ್ದೆ.

“ಬೈದಿದ್ರೆ ಚೆನ್ನಾಗಿತ್ತು. ‘ಮುಂದಿನ್ ಸಲ ನಿಂಗೇ ಫೋನ್ ಮಾಡ್ಲಾ, ಬ್ಯಾರೆಯೋರ್ಗೆ ಮಾಡ್ಲಾ ಮಗ?’ ಅಂದ್ಲು. ಅಷ್ಟೇಯ.”

ಆ ಮಾತು ಅವನಿಗೆ ಎಷ್ಟು ನಾಟಿತ್ತು ಎಂಬುದು ನನಗೆ ಗೊತ್ತು. ಅವರದು ಬೌದ್ಧರ ಮನೆ. ಅವರಪ್ಪ ಬೀದಿಯಲ್ಲೇ ನಿಂತು ಮಾತಾಡಿ ಬರಬೇಕಿದ್ದ ಮನೆಗಳಲ್ಲೇ ಈಗ ಇವನನ್ನು “ಬನ್ನಿ ಡಾಕ್ಟ್ರೇ” ಎಂದು ಕೊಟ್ಟಿಗೆಯವರೆಗೂ ಕರೆದುಕೊಂಡು ಹೋಗುತ್ತಾರೆ. ಹೊತ್ತಿಗೆ ಸರಿಯಾಗಿ ಹೋಗಿ ಹೋಗಿ ಸಂಪಾದಿಸಿದ ಮರ್ಯಾದೆ ಅದು. ಗಾಡಿ ಕೈಕೊಟ್ಟರೆ ಕೆಡುವುದು ಅದೇ.

ಆ ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಆರಿಸಿಕೊಟ್ಟವನು ನಾನು. ಹೋದ ವರ್ಷ ಬೆಂಗಳೂರಿಗೆ ಹೋಗಿ ಇಬ್ಬರೂ ಸೇರಿ ತಂದೆವು. ಇನ್ನೂರು ಸಿ.ಸಿ., ಎತ್ತರದ ಗಾಡಿ, ಏರಿ ಮೇಲೂ ಗದ್ದೆ ಬದುವಿನ ಮೇಲೂ ಹೋಗುವಂಥದ್ದು. ಮಾರಿದವನು ಕಂಪನಿ ಸೈಲೆನ್ಸರ್ ಕಿತ್ತು ಗುಡುಗುವ ಸೈಲೆನ್ಸರ್ ಹಾಕಿಸಿದ್ದ, ಗಾಳಿ ಫಿಲ್ಟರಿನ ಪೆಟ್ಟಿಗೆ ತೆಗೆದು ಬಾಯಿಬಿಟ್ಟ ಫಿಲ್ಟರ್ ಸಿಕ್ಕಿಸಿದ್ದ. ಅದರ ಸದ್ದಿಗೆ ಹಸುಗಳು ಹಗ್ಗ ಜಗ್ಗುತ್ತಿದ್ದವು. ಅದಕ್ಕೇ ಹಸು ಡಾಕ್ಟರ್ ಗಾಡಿಯನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ, ಕ್ಯಾನು ಹಿಡಿದು ನಡೆದುಕೊಂಡು ಹೋಗುತ್ತಿದ್ದ. ಗಾಡಿ ತಂದ ದಿನ ನಾನೇ ತೊಳೆದು, ಆಯಿಲ್ ಬದಲಾಯಿಸಿ, ನನ್ನ ಕೈಯಿಂದ ಹೋಗುವ ಎಲ್ಲ ಗಾಡಿಗೂ ಮಾಡುವಂತೆ ಮುಂದುಗಡೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ.

“ನಮ್ಮನೇಲಿ ಇವೆಲ್ಲ ಕಟ್ಟಲ್ಲ ಕಣಣ್ಣ,” ಎಂದ.

“ನಿಂಗ್ ಬ್ಯಾಡ್ದೇ ಇದ್ರೆ ನಂಗ್ ಬೇಕು ಕಣ್ಲಾ. ನನ್ ಕೈಯಿಂದ ಓಗೋ ಗಾಡಿ ಇದು,” ಎಂದೆ. ಅವನು ನಕ್ಕುಬಿಟ್ಟ.

ಮೊದಲ ನಾಲ್ಕೈದು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಶುರುವಾಯಿತು ನೋಡಿ. ಲೀಟರಿಗೆ ಮೂವತ್ತೈದು ಕೊಡುತ್ತಿದ್ದದ್ದು ಇಪ್ಪತ್ತೈದಕ್ಕೆ ಇಳಿಯಿತು. ಹಂಪು ದಾಟುವಾಗ ಕೆಮ್ಮುತ್ತಿತ್ತು, ನಿಧಾನ ಮಾಡಿದರೆ ಆರಿಹೋಗುತ್ತಿತ್ತು. ಹಿಂದೆ ನಿಂತರೆ ಹಸಿ ಪೆಟ್ರೋಲಿನ ವಾಸನೆ. ಇಂಜಿನ್ ದೀಪ ಒಮ್ಮೊಮ್ಮೆ ಹತ್ತಿ ತಾನಾಗಿ ಆರುತ್ತಿತ್ತು. ಸೈಲೆನ್ಸರ್ ಬದಲಾಯಿಸಿದ ಗಾಡಿಗಳಲ್ಲಿ ಅದೆಲ್ಲ ಇದ್ದದ್ದೇ ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲು ಫಿಲ್ಟರ್ ಬಿಚ್ಚಿದೆ. ದಾರಿಯುದ್ದಕ್ಕೂ ಆಲೆಮನೆಗಳು. ಒಣಗಲು ಹರವಿದ ಕಬ್ಬಿನ ಸಿಪ್ಪೆಯ ಹುಡಿ ಅದರೊಳಗೆ ಹತ್ತಿಯಂತೆ ತುಂಬಿತ್ತು. ಕಳ್ಳ ಸಿಕ್ಕಿದ ಅಂದುಕೊಂಡೆ. ತೊಳೆದು ಹಾಕಿದೆ, ಒಂದು ವಾರ ಸುಮಾರಾಗಿ ಓಡಿ ಮತ್ತೆ ಅದೇ ಕತೆ. ಟ್ಯಾಂಕಿನಲ್ಲಿ ನೀರು ಸೇರಿದೆಯೇನೋ ಎಂದು ಪೆಟ್ರೋಲನ್ನು ಪೂರ್ತಿ ಬಸಿದೆ. ಗಾಜಿನ ಬಾಟಲಿಯಲ್ಲಿ ಇಟ್ಟು ನೋಡಿದೆ, ನೀರಿರಲಿಲ್ಲ. ವಾಲ್ವ್ ಸಂದು ಅಳೆದೆ. ಇಂಜೆಕ್ಟರನ್ನು ಮಂಡ್ಯಕ್ಕೆ ಒಯ್ದು ಮಿಷನ್ನಿನಲ್ಲಿ ತೊಳೆಸಿದೆ. ಪ್ರತಿ ಸಲವೂ ನನ್ನ ಶಾಪಿನಲ್ಲಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗ ಗಾಡಿ ಮಗುವಿನಂತೆ ಇರುತ್ತಿತ್ತು. ಮಳವಳ್ಳಿ ಕಡೆಯ ರಸ್ತೆಗೆ ಬಿದ್ದರೆ ಮತ್ತೆ ಕೆಮ್ಮು. ಸರ್ವೀಸ್ ಮಾಡಿ ಕಳಿಸಿದ ಮೇಲೆ ಒಂದೊಂದು ಸಲ ಮೊದಲಿಗಿಂತ ಕೆಟ್ಟದಾಗಿಯೂ ಓಡುತ್ತಿತ್ತು. ನನಗೆ ಅರ್ಥವಾಗದೆ ಇದ್ದದ್ದು ಅದೊಂದು.

ಅಷ್ಟರಲ್ಲಿ ಯಾರೋ ಅವನಿಗೆ ಮಂಡ್ಯದ ಟ್ಯೂನಿಂಗಿನವನ ವಿಷಯ ಹೇಳಿದ್ದರು. ಗಾಡಿಯೊಳಗಿನ ಕಂಪ್ಯೂಟರ್ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ, ಯಾವ ವೇಗಕ್ಕೆ ಎಷ್ಟು ಪೆಟ್ರೋಲು ಬಿಡಬೇಕು ಎಂಬುದನ್ನು ಆ ಗಾಡಿಗೆಂದೇ ಹೊಸದಾಗಿ ಬರೆಯುತ್ತಾನಂತೆ. ಅದಕ್ಕೆ ಅವನು ಕೇಳುತ್ತಿದ್ದದ್ದು ಹಸು ಡಾಕ್ಟರನ ಒಂದು ತಿಂಗಳ ದುಡಿಮೆ. ಹೂಂ ಅಂದರೆ ನನ್ನ ಕೈಯಲ್ಲಿ ಆಗಲಿಲ್ಲ ಎಂದು ಒಪ್ಪಿಕೊಂಡಂತೆ. ಬೇಡ ಅಂದು, ಇಪ್ಪತ್ತೊಂದನೇ ದಿನ ಗಾಡಿ ಮತ್ತೆ ನಿಂತರೆ?

“ಓಗಿ ನೋಡ್ಕೊ ಬರಾವ ನಡಿ,” ಎಂದೆ. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಪ್ಲಗ್ ಮತ್ತೆ ಹಾಕಿ ಅವನ ಗಾಡಿಯಲ್ಲೇ ಮಂಡ್ಯಕ್ಕೆ ಹೊರಟೆವು.

ಟ್ಯೂನಿಂಗಿನವನು ಮೂವತ್ತರ ಒಳಗಿನವನು. ಹೋಗುವಾಗಲೇ ನಾನು ಮುಖ ಗಂಟು ಹಾಕಿಕೊಂಡಿದ್ದೆ. ಅವನೋ ಕುರ್ಚಿ ಎಳೆದು ಕೂರಿಸಿ, ನನ್ನನ್ನೇ ಮೊದಲು ಮಾತಾಡಿಸಿದ.

“ಅಣ್ಣ, ಸೈಲೆನ್ಸರ್ ಕುತ್ತಿಗೇಲಿ ಒಂದು ಸೆನ್ಸಾರ್ ಇದೆಯಲ್ಲ, ಅದು ಹೊಗೆ ನೋಡಿ ಪೆಟ್ರೋಲ್ ಕಮ್ಮಿ ಆಯ್ತೋ ಜಾಸ್ತಿ ಆಯ್ತೋ ಅಂತ ಪೆಟ್ಟಿಗೆಗೆ ಹೇಳುತ್ತೆ. ಈ ಗಾಡೀಲಿ ಸೈಲೆನ್ಸರ್ರೂ ಬೇರೆ, ಫಿಲ್ಟರ್ರೂ ಬೇರೆ. ನಾನು ಆ ಸೆನ್ಸಾರನ್ನ ಬಂದ್ ಮಾಡಿ, ನಾನೇ ಬರೆದ ಲೆಕ್ಕದ ಮೇಲೆ ಓಡಿಸ್ತೀನಿ. ಆದ್ರೆ ಒಂದು. ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಗಾಡಿ ತಾನಾಗಿ ಸರಿ ಮಾಡ್ಕೊಳಲ್ಲ. ಅದಕ್ಕೇ ಮೊದಲು ಗಾಡಿ ಆರೋಗ್ಯವಾಗಿದೆ ಅಂತ ಮೆಕ್ಯಾನಿಕ್ ಸಹಿ ಬೇಕು.”

ಹೀಗೆ ಹೇಳಿ ಒಂದು ಹಾಳೆ ಕೊಟ್ಟ. ಇಂಗ್ಲಿಷಿನಲ್ಲಿತ್ತು. ಹಸು ಡಾಕ್ಟರ್ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದ, ನಾನು “ಆಗ್ಯದೆ, ಬರ್ಕೋ” ಎನ್ನುತ್ತಾ ಹೋದೆ. ವಾಲ್ವ್ ಆಗಿದೆ. ಇಂಜೆಕ್ಟರ್ ಆಗಿದೆ. ಗಾಳಿ ಸೋರಿಕೆ ಇಲ್ಲ.

“ಸೆನ್ಸಾರ್ ವೈರುಗಳನ್ನ ತುದಿಯಿಂದ ತುದಿವರ್ಗೂ ಕೈಯಾಡ್ಸಿ ನೋಡಿದ್ಯಾ ಅಂತ ಅದೆ ಅಣ್ಣ.”

“ಬರ್ಕೋ.”

“ನೋಡಿದ್ದೀಯಾ?”

“ಇಪ್ಪತ್ತೈದು ವರ್ಸದಿಂದ ನೋಡ್ತಾನೇ ಇವ್ನಿ ಕಣ್ಲಾ. ಬರ್ಕೋ ಅಂದ್ರೆ ಬರ್ಕೋ!”

ಬರೆದುಕೊಂಡ. ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದೆ. ನಾಲ್ಕು ದಿನ ಬಿಟ್ಟು ಗಾಡಿ ತರಬೇಕು ಎಂದಾಯಿತು. ಹಸು ಡಾಕ್ಟರ್ ಅರ್ಧ ದುಡ್ಡನ್ನು ಮುಂಗಡ ಎಂದು ಅಲ್ಲೇ ಕೊಟ್ಟ.

ವಾಪಸು ಬರುವಾಗ ಮದ್ದೂರು ದಾಟಿದರೂ ವೈರಿನ ಆ ಸಾಲು ತಲೆಯಿಂದ ಹೋಗಲಿಲ್ಲ. ಪ್ಲಗ್, ಫಿಲ್ಟರ್, ಪೆಟ್ರೋಲು ಎಲ್ಲ ನೋಡಿದ್ದೆ. ವೈರು ನೋಡಿರಲಿಲ್ಲ. ಏನೇ ಕೆಟ್ಟಿದ್ದರೂ ಅದು ಮಾರಿದವನ ಸೈಲೆನ್ಸರಿನ ತಪ್ಪು ಎಂದು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿದ್ದೆ. ನೋಡದೆ ಇದ್ದದ್ದನ್ನು ನೋಡಿದೆ ಎಂದು ಸಹಿ ಹಾಕಿದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಸೋಮನಹಳ್ಳಿಯಲ್ಲಿ ಇಳಿಯುವಾಗ, “ಗಾಡಿ ಇಲ್ಲೇ ಬುಟ್ಟು ಓಗು. ನಾಲ್ಕು ದಿನ ನನ್ ಗಾಡಿ ತಗಂಡೋಗು,” ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ.

ಮಾರನೆಯ ಬೆಳಗ್ಗೆ ಕರೆಂಟು ಅಳೆಯುವ ಮೀಟರ್ ತೆಗೆದೆ. ಸೆನ್ಸಾರಿನ ಸಿಗ್ನಲ್ ವೈರಿಗೆ ಕೆಂಪು ಪಿನ್ನು, ಫ್ರೇಮಿಗೆ ಕಪ್ಪು ಪಿನ್ನು. ಇಂಜಿನ್ ಬಿಸಿಯಾದ ಮೇಲೆ ಅಂಕಿ ಸೊನ್ನೆಗೂ ಒಂದಕ್ಕೂ ನಡುವೆ ಏರಿಳಿಯುತ್ತಿರಬೇಕು. ಏರಿಳಿಯುತ್ತಿತ್ತು, ಏನೂ ತಪ್ಪಿಲ್ಲ. ಹಾಗಾದರೆ ಸಹಿ ಸರಿಯೇ ಎಂದು ಸಮಾಧಾನ ಮಾಡಿಕೊಂಡು ಪಿನ್ನು ಕೀಳಬೇಕು, ಆಗ ನೆನಪಾಯಿತು. ಗಾಡಿ ನನ್ನ ಶಾಪಿನಲ್ಲಿ ಯಾವತ್ತು ಕೆಟ್ಟಿತ್ತು? ಕೆಡುತ್ತಿದ್ದದ್ದು ರಸ್ತೆಯ ಮೇಲೆ.

ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ರವಿಕೆ ಹೊಲಿಯುತ್ತಾಳೆ. ಎಸ್ಸೆಸ್ಸೆಲ್ಸಿ ಪಾಸಾದವಳು. ಆ ವಿಷಯ ನನಗೆ ಆಗಾಗ ನೆನಪು ಮಾಡಿಕೊಡುತ್ತಾಳೆ.

“ಬಾ ಕಣಮ್ಮಿ, ಇಂದೆ ಕೂತ್ಕೊ. ನಾನು ಓಡಿಸ್ತೀನಿ, ನೀನು ಮೀಟ್ರು ಓದು.”

“ಗಿರಾಕಿ ಬತ್ತಾರೆ. ಅರ್ಧ ತೋಳು ಒಲ್ದಿವ್ನಿ.”

“ಐದು ನಿಮಿಸ ಕಣಮ್ಮಿ.”

“ಸಿನಿಮಾಕ್ ಕರಿ ಅಂದ್ರೆ ಕರೀನಿಲ್ಲ, ಮೀಟ್ರು ಓದಕ್ ಕರೀತಾವ್ನೆ,” ಎನ್ನುತ್ತಾ ಸೆರಗು ಸಿಕ್ಕಿಸಿಕೊಂಡು ಹತ್ತಿದಳು.

ಸರ್ವೀಸ್ ರಸ್ತೆಯಲ್ಲಿ ನಿಡಘಟ್ಟದ ಕಡೆಗೆ ಹೊರಟೆವು. ಅವಳು ನನ್ನ ಕಿವಿಯ ಹತ್ತಿರ ಅಂಕಿ ಕೂಗುತ್ತಿದ್ದಳು. ಪಾಯಿಂಟ್ ಮೂರು, ಪಾಯಿಂಟ್ ಏಳು, ಪಾಯಿಂಟ್ ಎರಡು. ಟೀ ಅಂಗಡಿ ಮುಂದೆ ನಿಂತಿದ್ದವರು ಗಂಡ ಹೆಂಡಿರ ಜಗಳ ಎಂದುಕೊಂಡು ನೋಡುತ್ತಿದ್ದರು. ಮೊದಲ ಹಂಪು ಹತ್ತಿದೆ.

“ಸೊನ್ನೆ!” ಎಂದಳು. “ಸೊನ್ನೆ ಅಂತದೆ, ಮ್ಯಾಲಕ್ಕೇ ಏಳ್ನಿಲ್ಲ. ಇದೇನು ಬ್ಯಾಟ್ರಿ ಓಯ್ತಾ?”

ಬ್ಯಾಟರಿ ಹೋಗಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಂಕಿ ತಾನಾಗಿ ಮೇಲೆದ್ದಿತು. ಎರಡನೇ ಹಂಪಿನಲ್ಲಿ ಮತ್ತೆ ಸೊನ್ನೆ, ಜೊತೆಗೆ ಅದೇ ಕೆಮ್ಮು. ನಾಲ್ಕು ಸಲ ಹೋಗಿ ಬಂದೆವು. ಸಿಗ್ನಲ್ ವೈರು ಎಲ್ಲೋ ಫ್ರೇಮಿಗೆ ತಗುಲುತ್ತಿತ್ತು. ಸೊನ್ನೆ ಬಂದಾಗಲೆಲ್ಲ ಪೆಟ್ಟಿಗೆ ಪೆಟ್ರೋಲು ಕಮ್ಮಿಯಾಯಿತು ಎಂದು ತಿಳಿದು ಇನ್ನಷ್ಟು ಸುರಿಯುತ್ತಿತ್ತು. ಕಪ್ಪು ಪ್ಲಗ್ಗು, ಹಸಿ ಪೆಟ್ರೋಲಿನ ವಾಸನೆ, ಇಳಿದುಹೋದ ಮೈಲೇಜು, ಎಲ್ಲ ಅದರಿಂದಲೇ.

ಶಾಪಿಗೆ ಬಂದು ಟ್ಯಾಂಕ್ ಎತ್ತಿದೆ. ಪೆಟ್ಟಿಗೆಯ ತುದಿಯಿಂದ ವೈರಿನ ಮೇಲೆ ಬೆರಳು ಆಡಿಸುತ್ತಾ ಕೆಳಗೆ ಬಂದೆ. ಇಂಜಿನ್ ಗಾರ್ಡಿನ ಹಿಂದೆ, ಮುಂದಿನ ಫ್ರೇಮ್ ಕೊಳವೆಯ ಹತ್ತಿರ ಬೆರಳಿಗೆ ಏನೋ ಚುಚ್ಚಿತು. ಟಾರ್ಚ್ ಹಿಡಿದು ನೋಡಿದೆ. ತುಕ್ಕು ಹಿಡಿದ ಕಟ್ಟುತಂತಿ. ಮೂರು ಸುತ್ತು, ಎಡಕ್ಕೆ ತಿರುವಿದ ಗಂಟು. ಅದರ ಮೇಲೆ ಇನ್ನೊಂದು ಮೂರು ಸುತ್ತು. ಅದರ ಮೇಲೆ ಮತ್ತೊಂದು. ಗಂಟಿನಲ್ಲಿ ಒಣಗಿದ ಮೆಣಸಿನಕಾಯಿ ತೊಟ್ಟು ಸಿಕ್ಕಿಕೊಂಡಿತ್ತು. ತಂತಿ ಸೆನ್ಸಾರಿನ ವೈರನ್ನೂ ಸೇರಿಸಿ ಕಟ್ಟಿತ್ತು. ನಿಂಬೆಹುಳಿ ಮತ್ತು ಮಳೆಗೆ ತುಕ್ಕಾಗಿ, ವೈರಿನ ಸಿಪ್ಪೆಯನ್ನು ಕೊಯ್ದು ಒಳಗಿನ ತಾಮ್ರ ಮುಟ್ಟಿತ್ತು. ತಂತಿಯ ಇನ್ನೊಂದು ತುದಿ ಗಾಡಿ ಕುಲುಕಿದಾಗಲೆಲ್ಲ ಗಾರ್ಡಿನ ಬೋಲ್ಟಿಗೆ ತಗುಲುತ್ತಿತ್ತು.

ಎಡಕ್ಕೆ ತಿರುವಿ ಗಂಟು ಹಾಕುವವನು ಈ ಸುತ್ತಿನಲ್ಲಿ ನಾನೊಬ್ಬನೇ. ನಾನು ಎಡಗೈಯವನು. ಪ್ರತಿ ಸರ್ವೀಸಿಗೂ ಹೊಸ ನಿಂಬೆಹಣ್ಣು ತಂದು, ಹಳೇ ತಂತಿಯ ಮೇಲೆಯೇ ಇಕ್ಕಳದಿಂದ ಬಿಗಿಯಾಗಿ ಎಳೆದು ಕಟ್ಟುತ್ತಿದ್ದೆ. ಸರ್ವೀಸ್ ಮಾಡಿದ ಮೇಲೆ ಗಾಡಿ ಯಾಕೆ ಇನ್ನಷ್ಟು ಕೆಡುತ್ತಿತ್ತು ಎಂಬುದು ಆಗ ತಿಳಿಯಿತು.

ಹೆಂಡತಿ ಬಾಗಿಲಿಗೆ ಬಂದು ತಂತಿಯನ್ನೂ ನನ್ನ ಮುಖವನ್ನೂ ನೋಡಿದಳು. ಅವಳಿಗೆ ವಿವರಿಸುವ ಅಗತ್ಯವಿರಲಿಲ್ಲ, ನಿಂಬೆಹಣ್ಣು ತಂದು ಕೊಡುತ್ತಿದ್ದವಳು ಅವಳೇ.

“ಅವ್ನಿಗೆ ನಿಜ ಏಳ್ತೀಯೋ, ಇಲ್ಲಾ ‘ವೈರು ಕಟ್ಟಾಗಿತ್ತು’ ಅಂತ ಸಾಗಾಕ್ತೀಯೋ?” ಎಂದಳು.

ಸಾಗಹಾಕುವುದು ಸುಲಭವಿತ್ತು. ತಂತಿ ಕತ್ತರಿಸಿ ಬಿಸಾಕಿ, ವೈರು ಬೆಸುಗೆ ಹಾಕಿದರೆ ಮುಗಿಯಿತು. ಹಸು ಡಾಕ್ಟರ್ ನನ್ನನ್ನು ಹೊಗಳಿಕೊಂಡೇ ಹೋಗುತ್ತಿದ್ದ. ಆದರೆ “ಈಗ ಆಕಿದ್ರೆ ದುಡ್ಡು ದಂಡ ಕಣಜ್ಜಿ” ಎಂದು ಕ್ಯಾನು ಹೊತ್ತು ಬರಿಗೈಲಿ ಬಂದವನು ಅವನು. ಅಜ್ಜಿಗೆ ಏನೂ ತಿಳಿಯುತ್ತಿರಲಿಲ್ಲ, ಹಾಕಿದಂತೆ ಮಾಡಿ ದುಡ್ಡು ತೆಗೆದುಕೊಂಡು ಬರಬಹುದಿತ್ತು. ಅಂಥವನ ಮುಂದೆ ನಾನು ಸುಳ್ಳು ಹೇಳಿ ಯಾವ ಮುಖ ಇಟ್ಟುಕೊಂಡು ಅವನ ಗಾಡಿ ಮುಟ್ಟಲಿ? ತಂತಿಯನ್ನು ಬಿಸಾಕಲಿಲ್ಲ. ಬಿಚ್ಚಿ ಬೆಂಚಿನ ಮೇಲೆ ಇಟ್ಟೆ.

ಸಂಜೆ ಅವನು ಬಂದಾಗ ಅದನ್ನು ಕೈಗೆ ಕೊಟ್ಟು ಎಲ್ಲ ಹೇಳಿದೆ. ನೋಡದೆ ಸಹಿ ಹಾಕಿದ್ದನ್ನೂ ಹೇಳಿದೆ. “ಅಜ್ಜಿ ಮನೇಗೆ ಒತ್ತಿಗೆ ಓಗ್ದೇ ಇದ್ದದ್ದು ನನ್ನಿಂದ್ಲೇ ಕಣ್ಲಾ. ಬೈಯೋದಿದ್ರೆ ಬೈದ್ಬುಡು.”

ಅವನು ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

“ನನ್ದೂ ತಪ್ಪೈತೆ ಕಣಣ್ಣ. ನಿಂಬೆಹಣ್ಣು ಒಣಗಿದ್ ಮ್ಯಾಲೆ ನಾನೇ ಕಿತ್ತು ಬಿಸಾಕ್ತಿದ್ದೆ. ತಂತಿ ಮಾತ್ರ ಬುಟ್ಬುಡ್ತಿದ್ದೆ.”

“ಯಾಕ್ಲಾ? ಅದ್ನೂ ಬಿಸಾಕದಲ್ವಾ?”

“ನನ್ ಗಾಡಿಗೆ ಅಂತ ಮನ್ಸಿಟ್ಟು ಕಟ್ದೋನು ನೀನು. ಪೂರಾ ಕಿತ್ತಾಕಕ್ಕೆ ಮನ್ಸು ಬರ್ನಿಲ್ಲ.”

ನಾನು ಸ್ಪ್ಯಾನರ್ ಹುಡುಕುವವನಂತೆ ಆ ಕಡೆ ತಿರುಗಿದೆ. ಅವನು ಬೇಡ ಅಂದದ್ದನ್ನು ನಾನು ಕೇಳಿರಲಿಲ್ಲ. ನನ್ನ ಮನಸ್ಸು ನೋಯಬಾರದೆಂದು ಅವನು ಅದನ್ನು ಮತ್ತೆ ಹೇಳಿರಲಿಲ್ಲ. ಒಳಗಿನಿಂದ ನನ್ನ ಹೆಂಡತಿ, “ಇಬ್ರೂ ಒಬ್ರಿಗೊಬ್ರು ಮನ್ಸು ನೋಡ್ಕೊಂಡು ಗಾಡಿ ಕೆಡಿಸಿದ್ರಿ,” ಎಂದಳು. ಅವನು ಮೊದಲು ನಕ್ಕ, ಆಮೇಲೆ ನಾನೂ.

ವೈರು ಬೆಸುಗೆ ಹಾಕಿ, ಮೇಲೆ ರಬ್ಬರ್ ಕೊಳವೆ ತೊಡಿಸಿ, ಫ್ರೇಮಿನಿಂದ ದೂರ ಕಟ್ಟಿದೆ. ಹೊಸ ಪ್ಲಗ್ ಹಾಕಿ ಮೂರು ದಿನ ಮಳವಳ್ಳಿ ಕಡೆ ಓಡಿಸಲು ಹೇಳಿದೆ. ಒಂದು ಸಲವೂ ನಿಲ್ಲಲಿಲ್ಲ. ಪ್ಲಗ್ ಬಿಚ್ಚಿದರೆ ಮೂತಿ ಹುರಿಗಡಲೆ ಬಣ್ಣಕ್ಕೆ ಬಂದಿತ್ತು. ಆದರೂ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಉಳಿದಿತ್ತು.

ಟ್ಯೂನಿಂಗಿನವನಿಗೆ ನಾನೇ ಫೋನು ಮಾಡಿದೆ. ಸಹಿಯ ವಿಷಯವನ್ನು ಮೊದಲು ಹೇಳಿದೆ.

“ಹೇಳಿದ್ದು ಒಳ್ಳೇದಾಯ್ತು ಅಣ್ಣ. ನಾನು ಸೆನ್ಸಾರ್ ಬಂದ್ ಮಾಡಿಬಿಟ್ಟಿದ್ರೆ ಗಾಡಿ ಸರಿ ಹೋದಂಗೆ ಕಾಣ್ತಿತ್ತು, ತಂತಿ ಅಲ್ಲೇ ಉಳೀತಿತ್ತು. ಈಗ ಆ ಪಟಪಟ ನಿಲ್ಲಬೇಕು ಅಂದ್ರೆ ಎರಡು ದಾರಿ. ನನ್ನ ಹತ್ರ ಪೆಟ್ರೋಲ್ ಲೆಕ್ಕದ ಮ್ಯಾಪ್ ಬರೆಸಿ, ಇಲ್ಲ ಕಂಪನಿ ಸೈಲೆನ್ಸರ್ರು, ಫಿಲ್ಟರ್ ಪೆಟ್ಟಿಗೆ ವಾಪಸ್ ಹಾಕಿ. ರೇಸಿಗೇನೂ ಹೋಗಲ್ವಲ್ಲ ಅವರು?”

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಹಸು ಡಾಕ್ಟರ್ ನನ್ನ ಮುಖ ನೋಡಿದ. ಮತ್ತೆ ಅದೇ ಪ್ರಶ್ನೆ. ಈ ಸಲ ನಾನು ಪ್ಲಗ್ ಒರೆಸುತ್ತಾ ನಿಲ್ಲಲಿಲ್ಲ.

“ಬ್ಯಾಡ,” ಎಂದೆ. “ಅವ್ನು ಒಳ್ಳೆ ಕೆಲ್ಸಗಾರ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಿನ್ ಕೆಲ್ಸಕ್ಕೆ ಅದು ಬ್ಯಾಡ.” ಟ್ಯೂನಿಂಗಿನವನು ಅವನ ಮುಂಗಡವನ್ನು ಕೇಳುವ ಮೊದಲೇ ಹಿಂದಿರುಗಿಸಿದ. ಮಂಡ್ಯದ ಗುತ್ತಲಿನಲ್ಲಿ ಹಳೇ ಬಿಡಿಭಾಗ ಮಾರುವವನ ಹತ್ತಿರ ಕಂಪನಿ ಸೈಲೆನ್ಸರ್ರೂ ಫಿಲ್ಟರ್ ಪೆಟ್ಟಿಗೆಯೂ ಸಿಕ್ಕವು, ತಂದು ಹಾಕಿದೆ. ಕೂಲಿ ಎಷ್ಟು ಎಂದು ಹಸು ಡಾಕ್ಟರ್ ಕೇಳಿದ್ದಕ್ಕೆ ನಾನು ಬೈದೆ, ಅಷ್ಟೇ. ಟ್ಯೂನಿಂಗಿನವನ ಹಾಳೆಯನ್ನು ಹೆಂಡತಿಯಿಂದ ಕನ್ನಡದಲ್ಲಿ ಬರೆಸಿ ಬೆಂಚಿನ ಮೇಲೆ ಅಂಟಿಸಿದ್ದೇನೆ. ವೈರಿನ ಸಾಲು ಮೊದಲನೆಯದು.

ಇಪ್ಪತ್ತನೇ ದಿನ ಬೆಳಗ್ಗೆ ಅವನು ಇಂಜಿನ್ ಆರಿಸದೆ ಶಾಪಿನ ಮುಂದೆ ಗಾಡಿ ನಿಲ್ಲಿಸಿದ. ಸೀಟಿನ ಹಿಂದೆ ಕ್ಯಾನು.

“ಅಜ್ಜಿ ಫೋನ್ ಮಾಡಿತ್ತು ಕಣಣ್ಣ. ಒಂದಿನ ಮುಂಚೇನೇ ಕೂಗ್ತಾ ಅದಂತೆ. ನಂಗೇ ಮಾಡ್ತು!” ಎಂದ. ಆಮೇಲೆ ಗಾಡಿಯ ಮುಂಭಾಗ ತೋರಿಸಿ, “ಏನೂ ಕಟ್ಟಲ್ವಾ?” ಎಂದು ಕಣ್ಣು ಕಿರಿದು ಮಾಡಿದ.

ನಾನು ಒಳಗೆ ಹೋದೆ. ಹೆಂಡತಿ ಆಗಲೇ ನಿಂಬೆಹಣ್ಣು ಹಿಂಡಿ, ಬೆಲ್ಲ ಕದಡಿ ಲೋಟದಲ್ಲಿ ಇಟ್ಟಿದ್ದಳು. ತಂದು ಕೊಟ್ಟೆ.

“ಇನ್ ಮ್ಯಾಲೆ ಗಾಡಿಗಿಲ್ಲ, ನಿಂಗೇಯ. ಕುಡ್ದು ಒರಡು, ಒತ್ತಾಯ್ತದೆ.”

ನಿಂತುಕೊಂಡೇ ಗಟಗಟ ಕುಡಿದು ಹೊರಟ. ಗಾಡಿ ತಿರುವು ದಾಟುವ ಮೊದಲೇ ಅದರ ಸದ್ದು ಕೇಳದಾಯಿತು.

ಹನ್ನೊಂದರ ಹೊತ್ತಿಗೆ ಫೋನು ಬಂತು. ಹಿಂದೆ ಅಜ್ಜಿ ಯಾರನ್ನೋ ಗದರುತ್ತಿದ್ದದ್ದು ಕೇಳಿಸುತ್ತಿತ್ತು.

“ಒತ್ತಿಗೆ ಸರ್ಯಾಗ್ ಬಂದೆ, ಕೆಲ್ಸ ಆಯ್ತು,” ಎಂದ. “ಇವತ್ತು ಬೀದಿ ಕೊನೇಲಿ ನಿಲ್ಲಿಸ್ನಿಲ್ಲ ಕಣಣ್ಣ. ಕೊಟ್ಟಿಗೆ ಬಾಗ್ಲುವರ್ಗೂ ಗಾಡಿ ತಂದೆ. ಅಸ ತಿರುಗೂ ನೋಡ್ನಿಲ್ಲ.”